ಸ್ಟೇಷನ್ ದೂರ ಅಂತ ಯಾರೂ ಗೊಣಗಿಲ್ಲ

ಎಲ್ಲರೂ ಅವನನ್ನು ಸತ್ಯಣ್ಣ ಎಂದೇ ಕರೆಯುತ್ತಿದ್ದರು. ಅದು ಹೆತ್ತವರು ಇಟ್ಟ ಹೆಸರಲ್ಲ. ಬಾಡಿಗೆ ಮನೆ ತೋರಿಸುವ ಬ್ರೋಕರ್ ಕೆಲಸಕ್ಕಿಳಿದ ಮೇಲೆ, "ಒಂದು ಸುಳ್ಳೂ ಹೇಳದೆ ದಂಧೆ ಮಾಡೋನು ನಾನು" ಎಂದು ಕಂಡಕಂಡವರ ಮುಂದೆ ಎದೆ ತಟ್ಟಿಕೊಂಡದ್ದಕ್ಕೆ ಅಂಟಿಕೊಂಡದ್ದು.

ಅವನು ಸುಳ್ಳು ಹೇಳುತ್ತಿರಲಿಲ್ಲ ಎನ್ನುವುದು ನಿಜವೇ. ಹಗಲಲ್ಲೂ ದೀಪ ಹಾಕಬೇಕಾದ ಮನೆ ತೋರಿಸುವಾಗ, "ಬಿಸಿಲಿನ ಕಾಟ ಅನ್ನೋದೇ ಇಲ್ಲ ಇಲ್ಲಿ" ಎನ್ನುತ್ತಿದ್ದ. ನಲ್ಲಿ ಬರೀ ಗಾಳಿ ಬಿಡುವ ಮನೆಗೆ, "ನೀರಿನ ವಿಷಯ ಮಾತ್ರ ಕೇಳಲೇಬೇಡಿ!" ಪಕ್ಕದ ಮನೆಯವಳು ಕಿಟಕಿಗೆ ಕಿವಿ ಹಚ್ಚಿ ಕೂರುವವಳಾದರೆ, "ಅಕ್ಕಪಕ್ಕದವರು ಸ್ವಂತದವರ ಹಾಗೆ ವಿಚಾರಿಸ್ಕೋತಾರೆ." ಬಂದವರು ತಮಗೆ ಬೇಕಾದ ಅರ್ಥ ಹಿಡಿದುಕೊಂಡು ತಲೆಯಾಡಿಸುತ್ತಿದ್ದರು. ಆಮೇಲೆ ಜಗಳಕ್ಕೆ ಬಂದರೆ, "ನಾನು ಹೇಳಿದ ಮಾತನ್ನೇ ಇನ್ನೊಂದು ಸಲ ನೆನಪಿಸ್ಕೊಳ್ಳಿ" ಎಂದು ಕೈ ತೊಳೆದುಕೊಳ್ಳುತ್ತಿದ್ದ. ಇಷ್ಟಾದರೂ, ತಾನು ಮನೆ ಕೊಡಿಸಿದ ಕೆಲವು ಬೀದಿಗಳಲ್ಲಿ ನಡೆಯಲು ಅವನಿಗೆ ಧೈರ್ಯವಿರಲಿಲ್ಲ. ಹಾಲು ತರುವುದಕ್ಕೂ ಸುತ್ತು ಬಳಸಿ ಹೋಗುತ್ತಿದ್ದ.

ಅವನಿಗೆ ತಲೆನೋವಾಗಿದ್ದದ್ದು ರೈಲು ಹಳಿಗೆ ಆತುಕೊಂಡಿದ್ದ ನರ್ಸಮ್ಮನ ಮನೆ. ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾದ ಆಕೆ ಕೆಳಗಿದ್ದಳು. ಮಹಡಿಗೆ ಬಂದ ಬಾಡಿಗೆಯವರು ಯಾರೂ ನಿಲ್ಲುತ್ತಿರಲಿಲ್ಲ. ಸಂಜೆ ಸಾಲಾಗಿ ಗಾಡಿಗಳು ಹೊರಟವೆಂದರೆ ಕಪಾಟಿನ ಲೋಟಗಳು ತಾವೇ ಕುಣಿಯುತ್ತಿದ್ದವು. ಆದ್ದರಿಂದ ಸತ್ಯಣ್ಣ ಆ ಮನೆಯನ್ನು ತೋರಿಸುತ್ತಿದ್ದದ್ದು ಮಧ್ಯಾಹ್ನ, ಹಳಿ ಖಾಲಿ ಇರುವಾಗ.

ಒಂದು ಸಲ ಆ ಮನೆ ನೋಡಲು ಬಂದವಳು ನಲವತ್ತು ದಾಟಿದ, ಗಟ್ಟಿ ಮೈಕಟ್ಟಿನ ಹೆಂಗಸು. ಕೋಣೆ ಕೋಣೆ ತಿರುಗಿ ಗೋಡೆಗಳನ್ನು ಬೆರಳಿನಿಂದ ತಟ್ಟಿ ನೋಡಿದಳು.

"ಗೋಡೆ ದಪ್ಪ ಇದೆ ಅಲ್ವಾ ಅಣ್ಣಾ?"

"ಕಲ್ಲಿನ ಗೋಡೆ ತಾಯಿ. ಇಲ್ಲಿಂದ ಸ್ಟೇಷನ್ ದೂರ ಅಂತ ಇವತ್ತಿನವರೆಗೂ ಯಾರೂ ಗೊಣಗಿಲ್ಲ. ಒಂಟಿ ಅಂತ ಒಂದು ಗಳಿಗೇನೂ ಅನ್ನಿಸಲ್ಲ, ಮನೇನೇ ಮಾತಾಡ್ಸುತ್ತೆ."

ಹೆಂಗಸು ಸಣ್ಣಗೆ ನಕ್ಕಳು. ಅಷ್ಟರಲ್ಲಿ ನರ್ಸಮ್ಮ ಮೆಟ್ಟಿಲು ಹತ್ತಿ ಬಂದು ತನ್ನ ಪ್ರಶ್ನೆ ಕೇಳಿದಳು. "ಮನೇಲಿ ಗಲಾಟೆ ಇರಲ್ಲ ತಾನೇ? ನನಗೆ ಮಾತು ಜಾಸ್ತಿ ಆಡೋರು ಆಗಲ್ಲ."

"ನಮ್ಮಲ್ಲಿ ಮಾತೇ ಕಡಿಮೆ ಅಮ್ಮ. ಸಂಜೆ ಆಯ್ತು ಅಂದ್ರೆ ನನ್ನ, ನಮ್ಮನೆಯವರ ಬಾಯಿಂದ ಒಂದು ಶಬ್ದಾನೂ... ಅಂದ್ರೆ, ಒಂದು ಮಾತೂ ಹೊರಡಲ್ಲ."

"ಕೆಲಸ ಏನು?"

"ಉಸಿರು ಬಿಗಿಹಿಡಿದು ದುಡಿಯೋ ಜನ ನಾವು."

ನರ್ಸಮ್ಮನಿಗೆ ಖುಷಿಯಾಯಿತು. ಒಪ್ಪಂದವೂ ಆಯಿತು.

ಆ ವಾರವೇ ನರ್ಸಮ್ಮನಿಂದ ಫೋನ್ ಬಂತು. "ಈಗಲೇ ಬಾ" ಎಂದಷ್ಟೇ ಹೇಳಿ ಇಟ್ಟಳು. ಸತ್ಯಣ್ಣ ಕಾಲೆಳೆದುಕೊಂಡು ಹೋದ. ಬೀದಿಯ ತಿರುವಿನಲ್ಲೇ ಅವನ ಕಿವಿಗೆ ಅಪ್ಪಳಿಸಿದ್ದು ರೈಲಿನ ಸದ್ದಲ್ಲ, ತುತ್ತೂರಿ. ಅದರ ಹಿಂದೆ ದೊಡ್ಡ ಕೊಳವೆಯ ಗುಟುರು, ಅದರ ಮೇಲೊಂದು ಡೋಲು. ಮಹಡಿಗೆ ಹೋಗಿ ನೋಡಿದರೆ ಹೆಂಗಸು ಕೆನ್ನೆಯುಬ್ಬಿಸಿ ಊದುತ್ತಿದ್ದಾಳೆ, ಗಂಡ ಕೊಳವೆಯೊಳಗೆ ಅರ್ಧ ಮುಳುಗಿದ್ದಾನೆ, ಮೈದುನ ಡೋಲು ಬಡಿಯುತ್ತಿದ್ದಾನೆ, ಅತ್ತೆ ಕುರ್ಚಿಯಲ್ಲಿ ಕೂತು ಜಾಗಟೆಯಗಲದ ತಾಳ ಕುಟ್ಟುತ್ತಿದ್ದಾಳೆ. ಅದು ಬ್ಯಾಂಡಿನವರ ಸಂಸಾರ.

"ಏನಮ್ಮಾ ಇದು ಮೋಸ!" ಸತ್ಯಣ್ಣ ಕಿರುಚಿದ.

ಎಲ್ಲ ನಿಂತಿತು. ಹೆಂಗಸು ತುಟಿ ಒರೆಸಿಕೊಂಡಳು. "ಯಾವ ಮೋಸ ಅಣ್ಣಾ? ಬಾಯಲ್ಲಿ ತುತ್ತೂರಿ ಇದ್ರೆ ಮಾತು ಹೇಗೆ ಹೊರಡುತ್ತೆ? ಬ್ಯಾಂಡ್ ಅಂದ ತಕ್ಷಣ ಎಲ್ಲರೂ ಬಾಗಿಲು ಹಾಕ್ತಾರೆ. ಅದಕ್ಕೇ ಹಾಗೆ ಹೇಳಿದೆ. ನಿಮ್ಮ ಮಾತು ಕೇಳಿದಾಗಲೇ ಗೊತ್ತಾಯ್ತು, ನೀವೂ ನಮ್ಮ ಪೈಕಿ ಅಂತ. ಸ್ಟೇಷನ್ ದೂರ ಅಂತ ಯಾರು ತಾನೇ ಗೊಣಗ್ತಾರೆ, ಅಡುಗೆಮನೆ ಕಿಟಕೀಲೇ ಗಾಡಿ ಬಂದು ನಿಂತ್ರೆ?"

ಬಾಗಿಲಲ್ಲಿ ನಿಂತಿದ್ದ ನರ್ಸಮ್ಮ ಈಗ ಸತ್ಯಣ್ಣನನ್ನೇ ನೋಡುತ್ತಿದ್ದಳು.

"ಏನಯ್ಯಾ, ಬಂದೋರಿಗೆಲ್ಲ ನೀನು ಹೀಗೆ ಹೇಳ್ತಿದ್ದೆಯಾ? ರೈಲು ಓಡುತ್ತೆ ಅಂತ ನೇರವಾಗಿ ಹೇಳ್ತಾನೇ ಇರಲಿಲ್ವಾ?"

"ನಾನು ಸುಳ್ಳು..."

"ಸುಳ್ಳಿನ ಮಾತು ಬಿಡು. ಹೋದೋರೆಲ್ಲ ನನ್ನ ಮುಖಕ್ಕೆ ಉಗಿದು ಹೋದ್ರು. ಮುಚ್ಚಿಟ್ಟು ಮನೆ ಕೊಟ್ಟೋಳು ನಾನು ಅಂದ್ಕೊಂಡ್ರು. ಒಬ್ಬಳಂತೂ ಎಳೇ ಮಗು ಎತ್ಕೊಂಡು ಅಳ್ತಾ ಹೋದಳು. ಆವತ್ತು ನನಗೆ ಊಟ ಸೇರಲಿಲ್ಲ."

ತಾನು ಕೈ ತೊಳೆದುಕೊಂಡ ಜಗಳಗಳು ಆಮೇಲೆ ಯಾರ ಮನೆಬಾಗಿಲಿಗೆ ಹೋಗುತ್ತವೆಂದು ಸತ್ಯಣ್ಣ ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಅವನ ಮುಖ ಸಣ್ಣದಾಯಿತು. "ತಪ್ಪಾಯ್ತಮ್ಮ" ಎಂದ. ಆ ಮಾತಿಗೆ ಎರಡನೇ ಅರ್ಥ ಹುಡುಕಿದರೂ ಸಿಗುವಂತಿರಲಿಲ್ಲ.

ಆಗಲೇ ಮೊದಲ ಗಾಡಿ ಬಂತು. ಲೋಟಗಳು ಕುಣಿದವು, ತಾಳ ತಾನೇ ಝಣಝಣಿಸಿತು. ಅತ್ತೆ ನಗಲು ಶುರುಮಾಡಿದಳು. ಗಾಡಿ ದಾಟಿದ ಮೇಲೆ ಹೆಂಗಸು ತಗ್ಗಿದ ದನಿಯಲ್ಲಿ ಹೇಳಿದಳು: "ಅಮ್ಮಾ, ಈಗ ಸೀದಾ ಹೇಳ್ತೀನಿ. ಗಾಡಿಗಳು ಓಡೋ ಹೊತ್ತಲ್ಲಿ ಮಾತ್ರ ಊದ್ತೀವಿ. ಅದು ಬಿಟ್ಟು ಒಂದು ಸೀಟಿ ಕೂಡ ಹಾಕಲ್ಲ. ಬೇಡ ಅಂದ್ರೆ ಹೊರಟುಬಿಡ್ತೀವಿ. ನಮಗಂತೂ ರೈಲಿನ ಸದ್ದು ಲೆಕ್ಕಕ್ಕೇ ಇಲ್ಲ."

ನರ್ಸಮ್ಮ ಸೆರಗಿನ ತುದಿ ತಿರುವುತ್ತ ನಿಂತಳು. "ಹೋಗೋದೇನೂ ಬೇಡ. ಆ ಹಾಳು ಇಂಜಿನ್ನಿಗಿಂತ ನಿಮ್ಮದೇ ವಾಸಿ, ಒಂದು ಲಯ ಆದ್ರೂ ಇದೆ. ಆದ್ರೆ ಡೋಲು ಆ ಮೂಲೆಗೆ ಇಟ್ಕೊಳ್ಳಿ, ನನ್ನ ಮಂಚ ಇದರ ಕೆಳಗೇ ಇದೆ."

ಡೋಲು ಮೂಲೆಗೆ ಹೋಯಿತು. ಸತ್ಯಣ್ಣನೇ ಒಂದು ಕಡೆ ಹಿಡಿದು ಎತ್ತಿದ. ಆಮೇಲಾಮೇಲೆ ನರ್ಸಮ್ಮ ಸಂಜೆ ಮಹಡಿಯಲ್ಲೇ ಚಹಾ ಕುಡಿಯತೊಡಗಿದಳು. ಅತ್ತೆಗೆ ಕೈನೋವು ಬಂದ ದಿನ ತಾಳ ಕುಟ್ಟಿದ್ದೂ ಅವಳೇ ಎಂದು ಬೀದಿಯವರು ಹೇಳುತ್ತಾರೆ.

ಸತ್ಯಣ್ಣ ಮುಂದಿನ ತಿಂಗಳು ಹೊಸದಾಗಿ ಮದುವೆಯಾದ ಜೋಡಿಯೊಂದಕ್ಕೆ ಬೇರೊಂದು ಮನೆ ತೋರಿಸಿದ. ಮಲಗುವ ಕೋಣೆಯ ಒಂದು ಗೋಡೆ ಥಂಡಿ ಹಿಡಿದಿತ್ತು. 'ಬೇಸಿಗೇಲೂ ತಂಪು' ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅವನು ಕೆಮ್ಮಿ, "ಈ ಗೋಡೆ ನೀರು ಕುಡಿಯುತ್ತೆ. ಯಜಮಾನರು ರಿಪೇರಿ ಮಾಡಿಸಲ್ಲ" ಎಂದ. ಹೇಳಿದ ಮೇಲೆ, ಕಿರಿದಾದ ಚಪ್ಪಲಿ ಕಳಚಿದಷ್ಟು ಹಾಯೆನಿಸಿತು.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಹಾಗಾದ್ರೆ ಮಂಚ ಈ ಕಡೆ ಹಾಕೋಣ, ಅಲ್ವಾ?" ಎಂದಳು ಹೆಂಡತಿ. ಗಂಡ ಆಗಲೇ ಎದುರಿನ ಗೋಡೆಯನ್ನು ಮೊಳ ಹಾಕಿ ಅಳೆಯತೊಡಗಿದ್ದ.