ಪಾಪುವಿನ ತಪ್ಪೊಪ್ಪಿಗೆ

೨೦೧೯ರ ಮಾರ್ಚ್ ೧೨, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಟೀಚರು ಬರೆದುಕೊಟ್ಟ ಚೀಟಿಯೊಂದಿಗೆ ಆರು ವರ್ಷದ ಹುಡುಗಿ ಆಸ್ಪತ್ರೆಯ ಮಕ್ಕಳ ಪರೀಕ್ಷಾ ಕೊಠಡಿಗೆ ಬಂದಳು. ಎಡತೋಳಿನ ಮೇಲೆ ಹಲ್ಲಿನ ಗುರುತಿತ್ತು. ಜೊತೆಗೆ ಅಪ್ಪ, ಅಜ್ಜಿ ಮತ್ತು ಆರೋಪಿ. ಆರೋಪಿ ಹುಡುಗಿಯ ತಂಗಿ, ಮೂರು ವರ್ಷದವಳು.

"ಕಚ್ಚಿದ್ದು ಚಿಕ್ಕೋಳು ಡಾಕ್ಟ್ರೇ," ಎಂದರು ಅಪ್ಪ. "ಆ ಟೀಚರು ಕಡ್ಡೀನ ಗುಡ್ಡ ಮಾಡಿದಾರೆ. ಅದಕ್ಕೇ ಇವಳ್ನೂ ಕರ್ಕೊಂಡ್ ಬಂದೆ. ನೀವೇ ಕೇಳಿ."

ಕೇಳುವ ಮೊದಲೇ ಪಾಪು ಎದೆಯುಬ್ಬಿಸಿದಳು. "ನಾನೇ ಕಚ್ಚಿದ್ದು."

"ಎಲ್ಲಿ ಕಚ್ಚಿದೆ ಪುಟ್ಟಾ?" ಎಂದರು ವೈದ್ಯೆ.

ಪಾಪು ಯೋಚಿಸಿ ಅಕ್ಕನ ಮಂಡಿ ತೋರಿಸಿದಳು.

"ಕೈ ಕಣೇ," ಎಂದು ಅಕ್ಕ ಮೆಲ್ಲಗೆ ತಿದ್ದಿದಳು. ಆಮೇಲೆ ಅಪ್ಪನ ಕಡೆ ತಿರುಗಿ, "ಸರಿಯಾಗಿ ಹೇಳಿದ್ನಾ?" ಎಂದಳು.

"ಕಳ್ಳಿ ತಾನಾಗೇ ಒಪ್ಕೊಂಡ್ಮೇಲೆ ಇನ್ನೇನಮ್ಮ ವಿಚಾರಣೆ?" ಅಜ್ಜಿ ಅವಸರದಲ್ಲಿ ನಕ್ಕರು. "ನಮ್ಮನೇಲಿ ಮಕ್ಕಳಿಗೆ ಯಾರೂ ಗದರೋದೂ ಇಲ್ಲ."

ವೈದ್ಯೆ ಇಂಥ ಮನೆಗಳ ಬಗ್ಗೆ ಬಹಳ ಕೇಳಿದ್ದರು. ಹಾಗಾಗಿ ಸ್ಕೇಲು ತೆಗೆದರು. ಎರಡು ಕೋರೆಹಲ್ಲುಗಳ ನಡುವಿನ ಅಂತರ ಹಾಲುಹಲ್ಲಿನ ಮಗುವಿಗೆ ಎರಡೂವರೆ ಸೆಂಟಿಮೀಟರಿನ ಆಸುಪಾಸು. ಮೂರು ದಾಟಿದರೆ ಕಚ್ಚಿದ್ದು ದೊಡ್ಡವರು. ಗುರುತು ಪಾಪುವಿನದಾದರೆ ಅಕ್ಕ ಈಗಲೇ ಮನೆಗೆ ಹೋಗಬಹುದು. ಅಲ್ಲವಾದರೆ ಮನೆಗೆ ಕಳಿಸುವಂತಿಲ್ಲ. ಮಕ್ಕಳ ರಕ್ಷಣಾ ಕಚೇರಿಗೆ ವರದಿ ಹೋಗುತ್ತದೆ. ಇದನ್ನು ಅವರು ಬಿಡಿಸಿ ಹೇಳಿದರು. ಅಪ್ಪ ಅರ್ಧ ಮಾತ್ರ ಕೇಳಿಸಿಕೊಂಡರು.

"ಆ... ಅನ್ನು ಕಂದಾ, ದೊಡ್ಡದಾಗಿ ಆ..." ಎಂದು ಚಿಕ್ಕ ಮಗಳ ಗಲ್ಲ ಹಿಡಿದರು. ಇಷ್ಟು ಸಹಕರಿಸಿದ ಆರೋಪಿಯನ್ನು ಆ ಕೊಠಡಿ ಕಂಡಿರಲಿಲ್ಲ. ಕೋರೆಯಿಂದ ಕೋರೆಗೆ ೨.೪ ಎಂದು ನರ್ಸಮ್ಮ ಬರೆದುಕೊಂಡರು.

"ಸಿಕ್ತಲ್ಲ ಅಳತೆ," ಅಪ್ಪ ಎದ್ದು ನಿಂತರು. "ಹೊರಡ್ಬಹುದಾ?"

"ಕೂತ್ಕೊಳ್ಳಿ. ಇದು ಪಾಪು ಬಾಯಿ ಅಷ್ಟೇ. ತೋಳಿನ ಮೇಲಿನ ಬಾಯೀನೂ ಅಳೀಬೇಕು."

ವೈದ್ಯೆ ಸ್ಕೇಲನ್ನು ಗುರುತಿನ ಪಕ್ಕ ಇಟ್ಟು ಫೋಟೋ ತೆಗೆದರು. ಮೂರು ಸಲ ಅಳೆದರು. ಅಲ್ಲಿಯವರೆಗೆ ಧಾರಾಳವಾಗಿ ಮಾತಾಡುತ್ತಿದ್ದ ಅಪ್ಪ ತುಟಿ ಬಿಗಿದುಕೊಂಡರು. ಅಜ್ಜಿ ಮಗನ ಮುಖ ನೋಡಿ, ಕೂಡಲೇ ಕಿಟಕಿಯತ್ತ ತಿರುಗಿದರು.

"ಇವತ್ತು ಇಬ್ರೂ ಮಕ್ಕಳು ಇಲ್ಲೇ ಇರ್ತಾರೆ," ಎಂದರು ವೈದ್ಯೆ.

"ಅವಳೇ ಒಪ್ಕೊಂಡಿದಾಳಲ್ರೀ," ಎಂದರು ಅಪ್ಪ, ಹಲ್ಲು ಕಾಣದಂತೆ.

ನರ್ಸಮ್ಮ ವರದಿಯ ಖಾಲಿ ಸಾಲು ತುಂಬಿದರು. ತೋಳಿನ ಮೇಲಿನ ಗುರುತು, ಕೋರೆಯಿಂದ ಕೋರೆಗೆ: ೩.೬ ಸೆಂಟಿಮೀಟರ್.