ನಿನ್ನೆಯ ಮನೆ

ಮುಂಬಯಿಯ ಕನ್ನಡ ಮಕ್ಕಳಿಗೆ ನಿನ್ನೆ ಯಾವುದು, ನಾಳೆ ಯಾವುದು ಅಂತ ಕಲಿಸುವುದಿದೆಯಲ್ಲ, ಅದರಷ್ಟು ತಲೆನೋವಿನ ಕೆಲಸ ಇನ್ನೊಂದಿಲ್ಲ. ಮನೆಯಿಂದ ಕೆಳಗಿಳಿದರೆ ಸಾಕು, ಎಲ್ಲ ಕಡೆ ಹಿಂದಿ. ಹಿಂದಿಯಲ್ಲಿ ಎರಡಕ್ಕೂ 'ಕಲ್' ಅನ್ನುವ ಒಂದೇ ಮಾತು. ಹಾಗಾಗಿ ಸಾಂತಾಕ್ರೂಜ್‌ನ ಒಂದು ಕನ್ನಡ ಶಾಲೆಯಲ್ಲಿ 'ನಾಳೆ ಅಜ್ಜಿ ಬಂದಿದ್ದಳು', 'ನಿನ್ನೆ ಪರೀಕ್ಷೆ ಇದೆ' ಅನ್ನುವುದೆಲ್ಲ ಮಾಮೂಲು. ವಿಜಯಪುರದಿಂದ ಮದುವೆಯಾಗಿ ಬಂದ ಕಸ್ತೂರಿಬಾಯಿ ಟೀಚರ್ ಇಡೀ ಆಯುಷ್ಯ ಇದೊಂದನ್ನು ತಿದ್ದುವುದರಲ್ಲೇ ಸವೆಸಿದರು ಅಂದರೂ ತಪ್ಪಿಲ್ಲ.

ಅವರ ಉಪಾಯ ಸರಳ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆಯ ಹಾಗೆ ಮೂರು ಮನೆ: ನಿನ್ನೆ, ಇವತ್ತು, ನಾಳೆ. ಮಗು ಕುಂಟುತ್ತ ಸರಿಯಾದ ಮನೆಗೆ ಹೋಗಿ ನಿಂತು ಮಾತು ಹೇಳಬೇಕು. ಬೆಂಚು ತುಂಬಿ ಇನ್ನೊಂದಿಷ್ಟು ಮಕ್ಕಳು ಕೆಳಗೆ ಕೂರುತ್ತಿದ್ದ ಕಾಲ ಅದು. ಹೋಟೆಲಿನವರ ಮಕ್ಕಳು, ಮಿಲ್ಲಿನವರ ಮಕ್ಕಳು, ಬ್ಯಾಂಕಿನವರ ಮಕ್ಕಳು. ತಪ್ಪು ಮನೆಗೆ ಹಾರಿದವನನ್ನು ಕಂಡು ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಗುತ್ತಿತ್ತು, ಹಾರಿದವನೂ ನಗುತ್ತಿದ್ದ. ಎಂಥ ಚಂದದ ದಿನಗಳು ಅವು.

ಈ ವರ್ಷ ಅವರ ನಿವೃತ್ತಿ. ಅದೇ ವರ್ಷ ಗೋಡೆಗೆ ಸ್ಮಾರ್ಟ್ ಬೋರ್ಡ್ ಬಂದು ಕೂತಿತು. ಮುಟ್ಟಿದರೆ ಚಿತ್ರ ಓಡುತ್ತದೆ, ಪ್ರಶ್ನೆ ಕೇಳುತ್ತದೆ, ಮಗು ಹೇಳಿದ್ದನ್ನು ಕೇಳಿಸಿಕೊಂಡು ಸರಿಯೋ ತಪ್ಪೋ ಅಂತಲೂ ಹೇಳುತ್ತದೆ. ಅದನ್ನು ನಡೆಸುವವಳು ಉಡುಪಿ ಕಡೆಯ ಹೊಸ ಟೀಚರ್ ಶ್ರಾವ್ಯಾ.

"ನಿನ್ನೆ ನೀನು ಏನು ಮಾಡಿದೆ?" ಅಂತ ಬೋರ್ಡು ಒಂದು ದಿನ ಎರಡನೇ ಕ್ಲಾಸಿನ ರೂಪಾಲಿಯನ್ನು ಕೇಳಿತು. ಬೆಳಗಾವಿ ಕಡೆಯವರ ಮಗಳು, ಮಹಾ ವಾಚಾಳಿ.

"ನಾಳೆ ನಾನು ಬಾಂದ್ರಾಕ್ಕ ಹೋಗಿದ್ದೆ," ಅಂದಳು.

ಬೋರ್ಡು ಕೆಂಪಾಗಿ 'ಟೊಂಯ್' ಅಂತು. ಮತ್ತೆ ಹೇಳಿದಳು, ಮತ್ತೆ ಟೊಂಯ್. ಕ್ಲಾಸು ನಕ್ಕಿತು, ಅವಳು ಮಾತ್ರ ನಗಲಿಲ್ಲ. ಅವತ್ತಿನಿಂದ ಕನ್ನಡದ ಪೀರಿಯಡ್ಡಿನಲ್ಲಿ ಅವಳ ಬಾಯಿಗೆ ಬೀಗ ಬಿತ್ತು. ತಪ್ಪೋ ಸರಿಯೋ ಪಟಪಟ ಮಾತಾಡುತ್ತಿದ್ದ ಕೂಸು ತುಟಿ ಬಿಗಿದು ಕೂತದ್ದನ್ನು ಕಸ್ತೂರಿಬಾಯಿ ದಿನವೂ ನೋಡಿದರು. ತಾನು ಹೋಗುವುದರೊಳಗೆ ಇವಳ ಬಾಯಿಂದ ಕನ್ನಡ ಹೊರಡಿಸದಿದ್ದರೆ ಆಮೇಲೆ ಅದು ಹೊರಡುವುದೇ ಇಲ್ಲ ಅಂತ ಅವರಿಗೆ ಗೊತ್ತಿತ್ತು.

"ನಿನ್ನ ಈ ಮಷಿನ್ನಿಗೆ ಬ್ಯಾರೆ ಮಾತ ಬರೂದಿಲ್ಲೇನವಾ?" ಅಂತ ಶ್ರಾವ್ಯಾಳ ಮೇಲೆ ಸಿಡುಕಿದರು.

"ಬರ್ತದೆ ಟೀಚರ್. ಆ ಸೌಂಡ್ ತೆಗೆದು ನಿಮ್ಮ ಸ್ವರವನ್ನೇ ಹಾಕ್ಲಿಕ್ಕೆ ಆಗ್ತದೆ," ಅಂದಳು ಅವಳು. "ನೀವು ಹೇಳಿ, ನಾನು ರೆಕಾರ್ಡ್ ಮಾಡ್ತೇನೆ."

ಫೋಟೋ ತೆಗೆಯುತ್ತಾರೇನೋ ಅನ್ನುವ ಹಾಗೆ ಕಸ್ತೂರಿಬಾಯಿ ಸೆರಗು ಸರಿಮಾಡಿಕೊಂಡರು. "ಇನ್ನೊಮ್ಮೆ ಹೇಳವಾ," ಅಂದರು. ಅಷ್ಟೇ. ಕೆಂಪು ಬಣ್ಣವನ್ನೂ ತೆಗೆಸಿದರು. ಆಮೇಲೆ ಬೋರ್ಡಿನ ಮುಂದೆ ನೆಲಕ್ಕೆ ಬಗ್ಗಿ ತಮ್ಮ ಹಳೆಯ ಮೂರು ಮನೆ ಬರೆದರು.

ಮರುದಿನದಿಂದ ಮಕ್ಕಳು ಕುಂಟಿಕೊಂಡು ಬಂದು ಬೋರ್ಡಿಗೆ ಉತ್ತರ ಹೇಳತೊಡಗಿದರು. ತಪ್ಪಿದರೆ ಬೋರ್ಡು ಟೀಚರ್ ದನಿಯಲ್ಲಿ "ಇನ್ನೊಮ್ಮೆ ಹೇಳವಾ" ಅನ್ನುತ್ತಿತ್ತು. ಹುಡುಗಿಯರಿಗೆ ಹೇಳುವ 'ಅವಾ'ವನ್ನು ಗಂಡುಹುಡುಗರಿಗೂ ಅನ್ನುತ್ತದಲ್ಲ ಅಂತ ಕ್ಲಾಸು ನಕ್ಕು ನಕ್ಕು ಸುಸ್ತಾಯಿತು. ರೂಪಾಲಿಯೂ ನಕ್ಕಳು, ಆದರೆ ಬೆಂಚು ಬಿಟ್ಟು ಏಳಲಿಲ್ಲ.

ಕೊನೆಯ ದಿನ ಬಂತು. ಶಾಲು, ತೆಂಗಿನಕಾಯಿ, ಭಾಷಣ ಎಲ್ಲ ಮುಗಿಯಿತು. ಕಸ್ತೂರಿಬಾಯಿ ತಮ್ಮ ಚೀಲ ತೆಗೆದುಕೊಳ್ಳಲು ಕ್ಲಾಸಿಗೆ ಬಂದಾಗ ಮಕ್ಕಳು ಎದ್ದು ನಿಂತು ಕೂತರು. ಬೋರ್ಡಿನ ಆಟ ಇನ್ನೂ ನಡೆದಿತ್ತು. "ನಾಳೆ ಏನು ಮಾಡುವೆ?" ಅಂತ ಅದು ಕೇಳಿತು.

ರೂಪಾಲಿ ಎದ್ದಳು. ಕುಂಟುತ್ತ ಹೋಗಿ ನಿನ್ನೆಯ ಮನೆಯಲ್ಲಿ ನಿಂತಳು. ಬೋರ್ಡಿಗೆ ಬೆನ್ನು ಹಾಕಿ ಟೀಚರ್ ಮುಖ ನೋಡಿದಳು.

"ಟೀಚರ್, ನೀವು ನಿನ್ನೆ ಬರ್ತೀರಿ?"

"ಇನ್ನೊಮ್ಮೆ ಹೇಳವಾ," ಅಂತು ಬೋರ್ಡು, ಕಸ್ತೂರಿಬಾಯಿಯದೇ ದನಿಯಲ್ಲಿ.

ಹುಡುಗಿ ಅದರತ್ತ ತಿರುಗಿಯೂ ನೋಡಲಿಲ್ಲ. "ನೀವು ನಿನ್ನೆ ಬರ್ತೀರಿ, ಹೌದಿಲ್ಲೋ?" ಅಂದಳು, ಈ ಸಲ ಗಟ್ಟಿಯಾಗಿ.

ತಪ್ಪು ತಿದ್ದಲು ಕ್ಲಾಸಿನಲ್ಲಿ ನಾಲ್ಕೈದು ಕೈ ಮೇಲೆದ್ದವು. ಕಸ್ತೂರಿಬಾಯಿ ಇಳಿಸಿ ಅಂತ ಸನ್ನೆ ಮಾಡಿದರು. ಆಯುಷ್ಯವೆಲ್ಲ ತಿದ್ದಿದವರಿಗೆ ಇವತ್ತು ತಿದ್ದುವ ಮನಸ್ಸಾಗಲಿಲ್ಲ. ಚೀಲ ಕೆಳಗಿಟ್ಟು, ಸೀರೆಯ ನೆರಿಗೆ ಸ್ವಲ್ಪ ಎತ್ತಿ ಹಿಡಿದು, ಹೋಗಿ ಹುಡುಗಿಯ ಪಕ್ಕ ಅದೇ ಮನೆಯಲ್ಲಿ ನಿಂತರು.

"ಬರ್ತೀನವಾ," ಅಂದರು. "ನಿನ್ನೆ ಬಂದೇ ಬರ್ತೀನಿ."