ತುಂಬಿಸಿ ಕೊಡುವ ಗಾಡಿ

ಕೋಣವನ್ನು ಹಗ್ಗ ಕಟ್ಟಿ ಎಳೆದು ತಂದು ಗ್ಯಾರೇಜಿನ ಅಂಗಳದಲ್ಲಿ ನಿಲ್ಲಿಸಿದ್ದರು. ಕೋಣ ಅಂದರೆ ನಿಜವಾದ ಕೋಣವಲ್ಲ, ಪಿಕಪ್ ಟ್ರಕ್ಕು. ಬಣ್ಣ ಕಪ್ಪು, ಮೂತಿ ಚಪ್ಪಟೆ, ಸ್ವಭಾವ ಮೊಂಡು. ಮೈತುಂಬ ಕಲ್ಲುಚಪ್ಪಡಿ ಹೇರಿದರೂ ಹೂಂ ಹಾಂ ಅನ್ನದೆ ದಿಬ್ಬ ಹತ್ತುತ್ತಿದ್ದ ಗಾಡಿ ಅದು, ಹೆಸರು ತಾನಾಗಿ ಅಂಟಿಕೊಂಡಿತ್ತು. ಹಿಂದಿನ ಸಂಜೆ ಅದೇ ದಿಬ್ಬದ ಅರ್ಧದಲ್ಲಿ ಬುಸ್ಸೆಂದು ಬಿಳಿ ಹೊಗೆ ಉಗುಳಿ ನಿಂತುಬಿಟ್ಟಿತ್ತು. ಆಗ ಓಡಿಸುತ್ತಿದ್ದವನು ತಮ್ಮ. ಬೆಳಿಗ್ಗೆ ಹಲ್ಲುಜ್ಜಿದ್ದೋ ಇಲ್ಲವೋ ಎಂಬಂತೆ ಗ್ಯಾರೇಜಿಗೆ ಓಡಿಬಂದವನು ಅಣ್ಣ.

ಗ್ಯಾರೇಜಿನವನನ್ನು ಎಲ್ಲರೂ ಕರೆಯುತ್ತಿದ್ದದ್ದು ಕಿವಿ ಮೇಸ್ತ್ರಿ ಅಂತ. ಓಡುತ್ತಿರುವ ಎಂಜಿನ್ನಿಗೆ ಉದ್ದದ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಗೆ ಕಿವಿ ಕೊಟ್ಟು, ಒಳಗಿನ ಕಾಯಿಲೆ ಹೇಳುವುದು ಅವನ ಪದ್ಧತಿ. ಇವತ್ತು ಅವನು ಆ ಸ್ಕ್ರೂಡ್ರೈವರನ್ನು ಮುಟ್ಟಲೂ ಇಲ್ಲ. ಕೇಳುವುದಕ್ಕೆ ಒಳಗೆ ಸದ್ದೇ ಇರಲಿಲ್ಲವಲ್ಲ! ನೇರವಾಗಿ ಬೋಲ್ಟು ಬಿಚ್ಚತೊಡಗಿದ. ಅದನ್ನು ನೋಡಿಯೇ ಅಣ್ಣನಿಗೆ ಭಯ ಹತ್ತಿತು.

ಅವನ ಭಯ ಗಾಡಿಯದಲ್ಲ. ಗಾಡಿ ಕಬ್ಬಿಣ, ಹೇಗೋ ಆದೀತು. ಭಯ ತಮ್ಮನದು.

ಹೋದ ವರ್ಷದವರೆಗೂ ತಮ್ಮ ಪ್ಲೈವುಡ್ ಕಾರ್ಖಾನೆಯಲ್ಲಿ ಸಂಬಳಕ್ಕಿದ್ದ. ತಿಂಗಳಾದರೆ ಕೈಗೆ ದುಡ್ಡು, ವಾರಕ್ಕೊಂದು ರಜೆ, ತನ್ನ ಪಾಡಿಗೆ ತಾನು. ಅಂಥವನನ್ನು ಹಿಡಿದು ಕೂರಿಸಿಕೊಂಡು, ಬೆಳಗಿನ ಬಾಡಿಗೆ ನನಗಿರಲಿ, ಮಧ್ಯಾಹ್ನದ ಮೇಲಿನದು ನಿನಗೆ, ಗಾಡಿ ಒಂದು ಗಳಿಗೆ ಖಾಲಿ ನಿಲ್ಲುವುದು ಬೇಡ, ಬಂದದ್ದರಲ್ಲಿ ಇಬ್ಬರಿಗೂ ಸಮಪಾಲು ಅಂತ ತಲೆ ತಿಂದವನು ಅಣ್ಣನೇ. ತಮ್ಮ ಕೇಳಿದ್ದು ಒಂದೇ ಪ್ರಶ್ನೆ. ಎಂಜಿನ್ ಹೇಗಿದೆ?

"ಕಲ್ಲುಗುಂಡು," ಅಂದಿದ್ದ ಅಣ್ಣ, ಬಾನೆಟ್ಟಿಗೆ ಎರಡೇಟು ಬಡಿದು. "ನಾಳೆ ನಮ್ಮ ಮಕ್ಕಳೂ ಇದನ್ನೇ ಓಡಿಸ್ತಾರೆ, ನೋಡ್ತಿರು."

ಅಷ್ಟು ಸಾಕಾಯಿತು. ಅಣ್ಣ ಹೇಳಿದ ಮೇಲೆ ಇನ್ನೇನು ಅಂತ ತಮ್ಮ ಕಾರ್ಖಾನೆಗೆ ಕೈಮುಗಿದು ಬಂದ.

ಸುಳ್ಳು ಅದು, ಹಸಿ ಹಸಿ ಸುಳ್ಳು. ತಮ್ಮನನ್ನು ಕರೆಯುವ ಮೊದಲೇ, ಇದೇ ಅಂಗಳದಲ್ಲಿ, ಮೇಸ್ತ್ರಿ ಸ್ಕ್ರೂಡ್ರೈವರಿನಿಂದ ಕಿವಿ ತೆಗೆದು ಹೇಳಿದ್ದ: ಹೆಡ್ ಗ್ಯಾಸ್ಕೆಟ್ ಸುಡುತ್ತಿದೆ. ಎಂಜಿನ್ನಿನ ತಲೆಗೂ ಮೈಗೂ ನಡುವೆ ಇರುವ ತೆಳ್ಳನೆಯ ಹಾಳೆ ಅದು. ಸುಟ್ಟರೆ ರೇಡಿಯೇಟರಿನ ನೀರು ಎಂಜಿನ್ನಿನ ಹೊಟ್ಟೆಗೆ ಇಳಿದು ಹೊಗೆಯಾಗಿ ಹೋಗುತ್ತದೆ. ಈಗಲೇ ಬದಲಾಯಿಸಿದರೆ ಮೂವತ್ತೈದು ಸಾವಿರ, ಬಿಟ್ಟರೆ ಎಂಜಿನ್ನಿನ ಆಸೆಯನ್ನೇ ಬಿಡಬೇಕು ಅಂದಿದ್ದ. ಅಣ್ಣನ ಕೈಯಲ್ಲಿ ಆಗ ಅಷ್ಟು ದುಡ್ಡಿರಲಿಲ್ಲ. ಒಂದು ಲೆಕ್ಕ ಮಾತ್ರ ಇತ್ತು. ತಮ್ಮ ಬಂದರೆ ಎರಡು ಪಾಳಿಯಾಗುತ್ತದೆ, ಎರಡು ಪಾಳಿಯ ದುಡ್ಡಿನಲ್ಲಿ ಗ್ಯಾಸ್ಕೆಟ್ ಹಾಕಿಸಿದರಾಯಿತು, ಯಾರಿಗೆ ಗೊತ್ತಾಗಬೇಕು? ಲೆಕ್ಕವೇನೋ ಬಲು ಚೆನ್ನಾಗಿತ್ತು. ಕೋಣವನ್ನು ಒಂದು ಮಾತು ಕೇಳಿರಲಿಲ್ಲ, ಅಷ್ಟೆ.

ಮೊದಲು ಸ್ಟೇರಿಂಗು ನಡುಗತೊಡಗಿತು. ಸಣ್ಣ ಗುಂಡಿ ಹಾರಿಸಿದರೂ ಮುಂದಿನ ಚಕ್ರಗಳಿಗೆ ಚಳಿಜ್ವರ ಬಂದ ಹಾಗೆ. ಬಾಲ್ ಜಾಯಿಂಟು, ಬುಷ್ಷು ಅಂತ ಹನ್ನೆರಡು ಸಾವಿರ ಹೋಯಿತು. ಅದು ಮುಗಿಯಿತು ಅನ್ನುವಷ್ಟರಲ್ಲಿ ಕ್ಲಚ್ ಸುಟ್ಟ ವಾಸನೆ, ಹದಿನೆಂಟು ಸಾವಿರ. ಚಪ್ಪಡಿಯ ಭಾರಕ್ಕೆ ಹಿಂದಿನ ಸ್ಪ್ರಿಂಗ್ ಪ್ಲೇಟು ಎರಡು ತುಂಡಾದವು. ಟರ್ಬೊ ಶಿಳ್ಳೆ ಹಾಕಿತು. ಭಾರದ ಗಾಡಿಗೆ ಇವೆಲ್ಲ ಬರುವಂಥವೇ, ಯಾರನ್ನೂ ಬೈಯುವ ಹಾಗಿಲ್ಲ. ಆದರೆ ಗ್ಯಾಸ್ಕೆಟ್ಟಿಗೆ ಅಂತ ಅಣ್ಣ ಎತ್ತಿಟ್ಟದ್ದನ್ನೆಲ್ಲ ಅವೇ ತಿಂದು ತೇಗಿದವು. ಇನ್ನೊಂದು ತಿಂಗಳು, ಇನ್ನೊಂದೇ ತಿಂಗಳು ಅಂತ ಅವನು ತನಗೆ ತಾನೇ ಹೇಳಿಕೊಳ್ಳುತ್ತ ಬಂದ.

ಈ ನಡುವೆ ತಮ್ಮನಿಗೆ ಗೊತ್ತಾಗದಂತೆ ಕಾಯ್ದದ್ದು ಅವರ ಮನೆಯ ಒಂದು ಕಟ್ಟಳೆ. ಅವರ ಅಪ್ಪ ಬಾಡಿಗೆ ಲಾರಿ ಓಡಿಸಿದವನು. ಕೈ ಬದಲಾಗುವ ಗಾಡಿ ತುಂಬಿಕೊಂಡೇ ಹೋಗಬೇಕು ಅನ್ನುತ್ತಿದ್ದ. ಡೀಸೆಲ್ ತುಂಬಿಸಬೇಕು, ನೀರು ಗೆರೆ ಮುಟ್ಟಿಸಬೇಕು, ಮುಂದಿನ ಗಾಜು ಒರೆಸಬೇಕು. ಆಮೇಲೆ ಕೀಲಿಯನ್ನು ಕೈಯಿಂದ ಕೈಗೆ ಕೊಡಬೇಕು, ಮೊಳೆಗೆ ನೇತುಹಾಕಿ ಹೋಗಬಾರದು. ಮೊಳೆಯಿಂದ ಕೀಲಿ ತೆಗೆದುಕೊಳ್ಳುವವನು ಆಳು, ಕೈಯಿಂದ ತೆಗೆದುಕೊಳ್ಳುವವನು ಮನೆಯವನು. ಅಪ್ಪ ಹೋಗಿ ಎಷ್ಟೋ ಕಾಲವಾಗಿದ್ದರೂ ಮಕ್ಕಳಿಬ್ಬರೂ ಒಂದು ದಿನವೂ ಇದನ್ನು ತಪ್ಪಿಸಿರಲಿಲ್ಲ.

ಹಾಗಾಗಿ ಅಣ್ಣ ದಿನಾ ಮಧ್ಯಾಹ್ನ, ತಮ್ಮ ಬರುವ ಮೊದಲು, ಸೀಟಿನ ಹಿಂದೆ ಬಚ್ಚಿಟ್ಟ ನೀಲಿ ಕ್ಯಾನಿನಿಂದ ನೀರು ತುಂಬಿಸುತ್ತಿದ್ದ. ಬೆಳಿಗ್ಗೆ ಗಾಡಿ ಅವನ ಕೈಗೆ ಬಂದಾಗ ನೀರು ಗೆರೆಯ ಮೇಲೆಯೇ ಇರುತ್ತಿತ್ತು. ಅದನ್ನು ನೋಡಿ ಅವನಿಗೆ ಹೋದ ಜೀವ ಬಂದಂತಾಗುತ್ತಿತ್ತು. ಸಂಜೆಯ ತಂಪಿಗೆ ಸೋರುವುದಿಲ್ಲ, ತಮ್ಮನ ಕಾಲು ಮೆತ್ತಗೆ, ಇನ್ನೂ ಒಂದಷ್ಟು ದಿನ ನಡೆಯುತ್ತದೆ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದ. ನಂಬಬೇಕು ಅಂತ ಕೂತವನಿಗೆ ನಂಬುವುದು ಎಷ್ಟು ಹೊತ್ತಿನ ಕೆಲಸ ಹೇಳಿ.

ಸೀಟಿನ ಹಿಂದಿನ ನೀಲಿ ಕ್ಯಾನು ಮೇಸ್ತ್ರಿಯ ಕಣ್ಣಿಗೆ ಆಗಲೇ ಬಿದ್ದಿತ್ತು. ಅವನು ಹೆಡ್ ಬಿಚ್ಚಿ ಕೆಳಗಿಟ್ಟ. ಜಾಕ್ ಬೇಕಾಗಿ ಗಾಡಿಯ ಹಿಂದಿನ ಪೆಟ್ಟಿಗೆಗೆ ಕೈ ಹಾಕಿ ತಡಕಾಡಿದ. ಜಾಕಿನ ಕೆಳಗೆ ಗೋಣಿಚೀಲದಲ್ಲಿ ಸುತ್ತಿದ್ದ ಒಂದು ಬಿಳಿ ಕ್ಯಾನು ಹೊರಬಂತು. ಅರ್ಧ ನೀರಿತ್ತು.

"ಇದೂ ನಿಂದೇನಾ?" ಅಂತ ಕೇಳಿದ.

ಅಣ್ಣ ಕ್ಯಾನನ್ನು ತಿರುಗಿಸಿ ನೋಡಿದ. ಅವನದಲ್ಲ. ಅವನು ಅದನ್ನು ಕಂಡೇ ಇರಲಿಲ್ಲ. ಗಾಡಿ ಮುಟ್ಟುವವರು ಇಬ್ಬರೇ.

ಮೇಸ್ತ್ರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಎರಡೂ ಕ್ಯಾನುಗಳನ್ನು ತಂದು ಬೆಂಚಿನ ಮೇಲೆ ಕುಕ್ಕಿದ. "ಬೆಳಿಗ್ಗೆ ನೀನು, ಸಂಜೆ ಅವನು. ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಕುಡಿಸಿದೀರಿ. ಒಬ್ಬ ಒಂದಿನ ಸೋಮಾರಿ ಆಗಿದ್ರೂ ಇನ್ನೊಬ್ಬನಿಗೆ ಗೊತ್ತಾಗಿ ಈ ಎಂಜಿನ್ ಉಳೀತಿತ್ತು ಕಣಯ್ಯ." ಆಮೇಲೆ ದನಿ ಇಳಿಸಿ ಉಳಿದದ್ದನ್ನು ಹೇಳಿದ. ಎಂಜಿನ್ನಿನ ತಲೆ ಬಾಗಿದೆ, ಮೈ ಬಿರುಕು ಬಿಟ್ಟಿದೆ, ಪಿಸ್ಟನ್ ಕಚ್ಚಿಕೊಂಡಿದೆ. ಹಳೆಯದೊಂದು ಎಂಜಿನ್ ಹುಡುಕಿ ಕೂರಿಸಿದರೂ ಎರಡೂವರೆ ಲಕ್ಷ. ಇದ್ದ ಹಾಗೆ ಗುಜರಿಗೆ ಹಾಕಿದರೆ ಅದರ ಕಾಲುಭಾಗವೂ ಹುಟ್ಟುವುದಿಲ್ಲ. ಏನು ಮಾಡುವುದು ಅಂತ ಇವತ್ತೇ ಹೇಳಬೇಕು, ಅಂಗಳದಲ್ಲಿ ಜಾಗ ಇಲ್ಲ.

ಅಷ್ಟರಲ್ಲಿ ತಮ್ಮ ಬಂದ. ನಿನ್ನೆಯ ಅಂಗಿಯಲ್ಲೇ ಇದ್ದ. ದಿಬ್ಬದಲ್ಲಿ ಚಪ್ಪಡಿಗಳಿಗೆ ಕಾವಲು ಕೂತು, ಬೇರೆ ಗಾಡಿಗೆ ಹೇರಿಸಿ, ಗಿರಾಕಿಯ ಕೈಲಿ ಬೈಸಿಕೊಂಡು ಅಲ್ಲಿಂದಲೇ ಬಂದಿದ್ದ. ಬೆಂಚಿನ ಮೇಲಿನ ಎರಡು ಕ್ಯಾನುಗಳ ಪೈಕಿ ಅವನ ಕಣ್ಣಿಗೆ ಬಿದ್ದದ್ದು ತನ್ನ ಬಿಳಿಯದು ಮಾತ್ರ. ಮುಖ ಸುಟ್ಟ ಬದನೆಕಾಯಿಯಂತಾಯಿತು.

"ಅಣ್ಣ, ಗಾಡಿ ಒಳಗೆ ಬಾ. ಮಾತಾಡ್ಬೇಕು."

ಇಬ್ಬರೂ ಹತ್ತಿ ಕೂತರು. ಅಣ್ಣ ಸ್ಟೇರಿಂಗಿನ ಮುಂದೆ, ತಮ್ಮ ಪಕ್ಕದಲ್ಲಿ. ಒಬ್ಬ ಇಳಿದರೆ ಇನ್ನೊಬ್ಬ ಹತ್ತುವುದು, ಇದೇ ಆಗಿತ್ತು ಇಷ್ಟು ದಿನ. ಜೊತೆಯಾಗಿ ಕೋಣದಲ್ಲಿ ಕೂತದ್ದು ಇದೇ ಮೊದಲು. ಒಂದು ದಿನ ಸುಮ್ಮನೆ ಜೊತೆಗೆ ಹೋಗಿಬಂದಿದ್ದರೆ ಸಾಕಿತ್ತಲ್ಲ ಅಂತ ಅಣ್ಣನಿಗೆ ಹೊಳೆದು ಮೈ ಉರಿಯಿತು.

ತಮ್ಮ ಮುಂದಿನ ಗಾಜಿನ ಕಡೆ ನೋಡುತ್ತ ಹೇಳಿದ. ಬೇಸಿಗೆಯಲ್ಲಿ ಒಂದು ಸಂಜೆ ದಿಬ್ಬ ಹತ್ತುವಾಗ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗಿತ್ತಂತೆ. ಹಿಂದೆ ಸಾಲುಗಟ್ಟಿ ಗಾಡಿಗಳು, ಒಂದೇ ಸಮನೆ ಹಾರ್ನು. ನಿಲ್ಲಿಸಲು ಧೈರ್ಯ ಸಾಲದೆ ಹಾಗೇ ಎಳೆದುಕೊಂಡು ಹೋದನಂತೆ. ಅವತ್ತಿನಿಂದ ಪಾಳಿ ಮುಗಿಸಿ ನೋಡಿದಾಗಲೆಲ್ಲ ನೀರು ಕಡಿಮೆ. ಅಣ್ಣ ಕೊಡುವಾಗ ತುಂಬಿರುತ್ತಿತ್ತು, ತನ್ನ ಕೈಯಲ್ಲಿ ಖಾಲಿಯಾಗುತ್ತಿತ್ತು. ಅಂದಮೇಲೆ ತಪ್ಪು ತನ್ನದಲ್ಲದೆ ಇನ್ಯಾರದು? ಹೇಳೋಣ ಹೇಳೋಣ ಅಂದುಕೊಂಡನಂತೆ, ಬಾಯಿ ಬರಲಿಲ್ಲವಂತೆ.

"ನಿನ್ನ ಕಲ್ಲುಗುಂಡನ್ನ ನಾನೇ ಒಡೆದೆ ಅಣ್ಣ. ಖರ್ಚು ಎಷ್ಟಾದ್ರೂ ನಂದು. ಕಾರ್ಖಾನೆ ಬಿಟ್ಟಾಗ ಬಂದ ದುಡ್ಡು ಹಾಗೇ ಇದೆ."

ಹೊರಗೆ ಮೇಸ್ತ್ರಿಯ ಸ್ಪ್ಯಾನರಿನ ಸದ್ದು ನಿಂತಿತು. ಬಾಗಿಲಿನ ಗಾಜು ಏರಿಸಿರಲಿಲ್ಲ, ಅವನಿಗೆ ಎಲ್ಲವೂ ಕೇಳಿಸಿತ್ತು. ಅಣ್ಣ ಅವನ ಕಡೆ ನೋಡಿದ. ಮೇಸ್ತ್ರಿ ಇವನನ್ನು ಒಂದು ಕ್ಷಣ ದಿಟ್ಟಿಸಿ, ಕೈ ಒರೆಸಿಕೊಂಡು, ಬೇಕೆಂದೇ ಅಂಗಳದ ಆ ತುದಿಗೆ ನಡೆದುಬಿಟ್ಟ. ನಾನು ಬಾಯಿ ಬಿಡುವುದಿಲ್ಲ, ತಮ್ಮನಿಗೆ ಏನು ಹೇಳುವುದೋ ನಿನಗೆ ಬಿಟ್ಟದ್ದು ಅನ್ನುವ ಹಾಗೆ.

ಈಗ ಅಣ್ಣ ಏನೂ ಮಾಡಬೇಕಾಗಿರಲಿಲ್ಲ. ಹೋಗಲಿ ಬಿಡು, ಆದದ್ದು ಆಯಿತು ಅಂದು ತಮ್ಮನ ಭುಜ ತಟ್ಟಿದರೆ ಮುಗಿಯಿತು. ಎಂಜಿನ್ ಬರುತ್ತದೆ, ಬಾಡಿಗೆ ನಡೆಯುತ್ತದೆ, ತಮ್ಮನ ಕಣ್ಣಲ್ಲಿ ಅಣ್ಣ ಇನ್ನೂ ದೊಡ್ಡವನಾಗುತ್ತಾನೆ. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು, ಸುಳ್ಳೇಕೆ. ಆದರೆ ತೊಡೆಯ ಮೇಲಿದ್ದ ತಮ್ಮನ ಬಲಗೈ ಕಣ್ಣಿಗೆ ಬಿತ್ತು. ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಚರ್ಮ ಸುಕ್ಕಿಕೊಂಡು ಹೊಳೆಯುತ್ತಿತ್ತು. ಬೇಸಿಗೆಯಲ್ಲಿ ಬಟ್ಟೆ ಸುತ್ತಿಕೊಂಡು ಬಂದಾಗ ಚಹಾ ಚೆಲ್ಲಿತು ಅಂದಿದ್ದ. ಚಹಾ ಅಷ್ಟು ಸುಡುವುದಿಲ್ಲ. ಕಾದ ರೇಡಿಯೇಟರಿನ ಮುಚ್ಚಳ ತೆಗೆದರೆ ಹಾಗೆ ಸುಡುತ್ತದೆ. ಗಾಡಿಯನ್ನು ತುಂಬಿಸಿ ಕೊಡುವ ಆತುರದಲ್ಲಿ, ಅದು ಆರುವವರೆಗೂ ಕಾಯದೆ ಕೈ ಹಾಕಿದ್ದಾನೆ.

ಅಣ್ಣನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ನೀನು ಒಡೀಲಿಲ್ಲ," ಅಂದ. "ನಿನ್ನ ಕರೆಯೋ ಮುಂಚೆನೇ ಹೋಗಿತ್ತು ಅದು. ನಂಗೆ ಗೊತ್ತಿತ್ತು. ಗೊತ್ತಿದ್ದೇ ಕರೆದೆ."

ಮಿಕ್ಕದ್ದನ್ನೂ ಹೇಳಿದ. ಮೇಸ್ತ್ರಿ ಹೇಳಿದ್ದು, ಎರಡು ಪಾಳಿಯ ಲೆಕ್ಕ, ನೀಲಿ ಕ್ಯಾನು. ತಮ್ಮ ಬೈದುಬಿಡಲಿ ಅಂತ ಅಣ್ಣ ಕಾದ. ತಮ್ಮ ಸುಟ್ಟ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡ.

"ಆಗ ಎಷ್ಟು ಹೇಳಿದ್ರು, ಗ್ಯಾಸ್ಕೆಟ್ಟಿಗೆ?"

"ಮೂವತ್ತೈದು ಸಾವಿರ."

ತಮ್ಮ ತಲೆಯಾಡಿಸಿದ. "ಗಾಡಿ ಕೆಟ್ಟಿದೆ, ಕೈಲಿ ದುಡ್ಡಿಲ್ಲ, ಬಾ ಅಂದಿದ್ರೂ ಬರ್ತಿದ್ದೆನಲ್ಲೋ ಅಣ್ಣ. ದುಡ್ಡು ತಗೊಂಡೇ ಬರ್ತಿದ್ದೆ."

ತಮ್ಮ ಕೈ ಚಾಚಿ, ಸ್ಟೇರಿಂಗಿನ ಪಕ್ಕದಲ್ಲಿ ನೇತಾಡುತ್ತಿದ್ದ ಕೀಲಿಯನ್ನು ಕಿತ್ತುಕೊಂಡು ಇಳಿದ. ಬಾಗಿಲಿನ ಸಂದಿಯಲ್ಲಿದ್ದ ಬಟ್ಟೆಯನ್ನು ಎಳೆದು, ಗಾಡಿಯ ಮುಂದೆ ಹೋಗಿ, ಎತ್ತಿ ನಿಲ್ಲಿಸಿದ್ದ ಬಾನೆಟ್ ಇಳಿಸಿ, ಗಾಜು ಒರೆಸಿದ. ಎಂಜಿನ್ ಸತ್ತ ಗಾಡಿಯ ಗಾಜನ್ನು ಈ ಮೂಲೆಯಿಂದ ಆ ಮೂಲೆಯವರೆಗೆ, ದಿನವೂ ಒರೆಸುತ್ತಿದ್ದ ಹಾಗೆಯೇ ಒರೆಸಿದ. ಅದರಾಚೆ ಅವನ ಮುಖ ಅಣ್ಣನಿಗೆ ನಿಚ್ಚಳವಾಗಿ ಕಾಣತೊಡಗಿತು. ಅಣ್ಣ ದಡಬಡಿಸಿ ಇಳಿದು ಹೋಗಿ ಅವನ ಮುಂದೆ ಕೈ ಚಾಚಿ ನಿಂತ.

ತಮ್ಮ ಆ ಕೈಯನ್ನು ನೋಡಿದ. ನೋಡಿ, ಪಕ್ಕಕ್ಕೆ ಸರಿದು, ಗ್ಯಾರೇಜಿನ ಗೋಡೆಯಲ್ಲಿದ್ದ ಮೊಳೆಗೆ ಕೀಲಿ ನೇತುಹಾಕಿ ರಸ್ತೆಯ ಕಡೆ ನಡೆದುಹೋದ.